ಹಸೀನಾ ಕೂತರೆ ಚಾಲೂ

“ಹಸೀನಾ, ಇನ್ನೊಂದು ಬಸ್ ಐತಿ. ಐದ ನಿಮಿಷ ಒಳಗ ಬಂದು ಕುಂಡ್ರವ್ವಾ” ಎಂದು, ಬಸ್ ನಿಲ್ದಾಣಕ್ಕೆ ಹೊರಟಿದ್ದ ನೆರೆಮನೆಯವಳ ಕೈಚೀಲ ಕಸಿದುಕೊಂಡೆ. ನನ್ನ ಸೊಸೆಗೆ ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸದ ಸಂದರ್ಶನವಿತ್ತು. ನಾವು ಎಷ್ಟು ಒತ್ತಿದರೂ ಚಾಲೂ ಆಗದ ಲ್ಯಾಪ್‌ಟಾಪು, ಹಸೀನಾ ಬಂದು ನಮ್ಮ ಬೆಂಚಿನ ಮೇಲೆ ಕೂತರೆ ಚಾಲೂ ಆಗುತ್ತಿತ್ತು. ಅದು ಅವಳ ಕಾಲ್ಗುಣವೆಂದು ದಾಂಡೇಲಿಯ ನಮ್ಮ ಓಣಿಗೆಲ್ಲ ಸಾರಿದವನು ನಾನೇ.

ಅವಳು ಕೂತಳು, ಅದು ಚಾಲೂ ಆಯಿತು. ಸಂದರ್ಶನ ಮುಗಿಯುವವರೆಗೂ ಅವಳನ್ನು ಏಳಗೊಡಲಿಲ್ಲ. ಮುಂಡಗೋಡದ ಬಸ್ಸು ಹೋಗಿಬಿಟ್ಟಿತು. ಅಲ್ಲಿ ಆಸ್ಪತ್ರೆಯಲ್ಲಿ ಅವಳ ಮಗಳು ಹೆರಿಗೆ ನೋವು ತಿನ್ನುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಅವಳು ಎದ್ದೊಡನೆ ಲ್ಯಾಪ್‌ಟಾಪು ಆರಿತು. ಹಸೀನಾ ಬಗ್ಗಿ ನೋಡಿದಳು. ಬ್ಯಾಟರಿ ಎಂದೋ ಸತ್ತಿತ್ತು. ಚಾರ್ಜರಿನ ವಾಯರನ್ನು ಬೆಂಚಿನ ಕಾಲಿನಡಿ ತೂರಿಸಿದ್ದವನು ನಾನು. ಒಳಗೆ ಹರಿದಿದ್ದ ತಂತಿ ಭಾರ ಬಿದ್ದಾಗ ಮಾತ್ರ ಕೂಡಿಕೊಳ್ಳುತ್ತಿತ್ತು. ಕಡ್ಡಿಯಂಥ ನಾವು ಕೂತರೆ ಏನಾದೀತು?

“ಕಾಲ್ಗುಣ ಅಲ್ರಿ ಕಾಕಾ, ನನ್ನ ಮೈಭಾರ!” ಎಂದು ನಕ್ಕವಳು, ಕಣ್ಣೊರೆಸಿಕೊಳ್ಳುತ್ತ ಓಡಿದಳು. ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೊಮ್ಮಗ ಹುಟ್ಟಿಯಾಗಿತ್ತು.

ಈಗ ಹೊಸ ವಾಯರು ಹಾಕಿಸಿದ್ದೇನೆ. ಹಸೀನಾ ಕೂಸನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದರೆ, “ಕುಂಡ್ರವ್ವಾ” ಎನ್ನಲು ನನಗೆ ಬಾಯಿ ಬರುವುದಿಲ್ಲ.