ತೀರ್ಥಕ್ಕೆ ಅಡ್ಡ ಬಂದ ಹುಚ್ಚಮ್ಮ

ಮಾಧವರಂ ಡೈರಿಯ ಹಾಲಿನ ವ್ಯಾನುಗಳು ರಸ್ತೆಗಿಳಿಯುವ ಹೊತ್ತು. ಹತ್ತಿರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಹುಚ್ಚಮ್ಮ ಏಳನೇ ಹಾಸಿಗೆಯ ತಲೆಭಾಗ ಎತ್ತರಿಸಿ, ರೋಗಿಯ ಬಾಯಿ ಒರೆಸುತ್ತಿದ್ದಾರೆ. ರೋಗಿ ಸುಶಮೀಂದ್ರ, ನಲವತ್ತಾರರ ಬ್ಯಾಂಕ್ ಅಧಿಕಾರಿ. ಮೂತ್ರದ ಸೋಂಕು ರಕ್ತಕ್ಕೇರಿ ಸೆಪ್ಸಿಸ್ ಆಗಿದೆ, ಅರೆಮಂಪರಿನಲ್ಲಿದ್ದಾರೆ. ಶ್ವಾಸಕೋಶವೂ ಸೋತೀತೇ ಎಂಬುದೇ ಈಗ ಎಲ್ಲರ ಭಯ.

ಆರು ಗಂಟೆಗೆ ಮಗನನ್ನು ನೋಡಲು ಬಂದ ತಾಯಿ ಲಕ್ಷ್ಮೀ, ಸೆರಗಿನಡಿಯಿಂದ ಪುಟ್ಟ ಬೆಳ್ಳಿ ಗಿಂಡಿ ತೆಗೆಯುತ್ತಾರೆ. ಹುಚ್ಚಮ್ಮನ ಕೈ ಥಟ್ಟನೆ ಅಡ್ಡ ಬರುತ್ತದೆ.

"ರಾಯರ ತೀರ್ಥಮ್ಮಾ! ಒಂದು ಉದ್ಧರಣೆ ತಾನೇ? ಕೊಂಜ ಬಿಡು, ಸ್ವಲ್ಪವೇ," ಎಂದು ತಮಿಳು ಬೆರೆಸಿ ಕೇಳುತ್ತಾರೆ ಲಕ್ಷ್ಮೀ.

"ತೀರ್ಥ ಬ್ಯಾಡ ಅನ್ನಕ್ಕೆ ನಾನ್ಯಾರು ಕನಮ್ಮ? ನುಂಗೋ ತ್ರಾಣ ಇಲ್ದೋರ್ ಬಾಯ್ಗೆ ಬುಟ್ರೆ ಹೊಟ್ಗೋಗಕಿಲ್ಲ, ಪುಪ್ಪುಸಕ್ಕೋಯ್ತದೆ. ತಲೆ ಮ್ಯಾಲೆ ಚಿಮುಕ್ಸಿ, ರಾಯರು ಒಪ್ಕತಾರೆ."

ಲಕ್ಷ್ಮೀ ಅವರ ಮುಖ ಕೆಂಪಾಗುತ್ತದೆ. ಗೊಣಗುತ್ತಲೇ ಚಿಮುಕಿಸುತ್ತಾರೆ.

ಹದಿನಾಲ್ಕು ಹಾಸಿಗೆಯ ಈ ವಾರ್ಡಿನಲ್ಲಿ ಹುಚ್ಚಮ್ಮ ಆಯಾ. ಕೊಳ್ಳೇಗಾಲದ ಕಡೆಯಿಂದ ಈ ತಮಿಳು ಮಹಾನಗರಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಪಾಳಿಗೆ ನಾಲ್ಕು ಸಲ ಪ್ರತಿಯೊಬ್ಬರ ಬಾಯಿ ಶುಚಿ ಮಾಡಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೆಪ್ಸಿಸ್ ಆದವರಲ್ಲಿ ಕುಡಿತದ ಚಟ, ನ್ಯುಮೋನಿಯಾ, ಶ್ವಾಸನಾಳಕ್ಕೆ ಜಾರಿದ ನೀರು-ಅನ್ನ, ಇವೆಲ್ಲ ಉಸಿರು ಕೈಕೊಡುವ ಅಪಾಯ ಹೆಚ್ಚಿಸುತ್ತವೆ ಎನ್ನುತ್ತಾರೆ ವೈದ್ಯರು. ಮೊದಲೆರಡು ಹುಚ್ಚಮ್ಮನ ಕೈಯಲ್ಲಿಲ್ಲ. ಮೂರನೆಯದರಲ್ಲಿ ಮಾತ್ರ ಅವರು ಯಾರ ಮುಲಾಜಿಗೂ ಬೀಳುವವರಲ್ಲ.

ಅದಕ್ಕೆ ಕಾರಣವಿದೆ. ಗಂಡ ಅಂದಾನಿ ಕೋಯಂಬೇಡು ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು. ಕಾಲಿನ ಹುಣ್ಣು ನಂಜಾಗಿ, ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. "ದಾಹ ಆಯ್ತದೇನೋ ಅಂತ ನಾನೇ ಎಳ್ನೀರ್ ಬುಟ್ಟೆ. ಕೆಮ್ಮಕ್ಕೂ ಆಗ್ನಿಲ್ಲ ಅವ್ರ್ಗೆ," ಎನ್ನುವಾಗ ಹುಚ್ಚಮ್ಮನ ದನಿ ಇಳಿಯುತ್ತದೆ. ಇಪ್ಪತ್ತೆರಡು ದಿನ ವೆಂಟಿಲೇಟರ್. ಅಂದಾನಿ ಬದುಕಿದರು, ಮೂಟೆ ಹೊರುವ ಉಸಿರು ಮಾತ್ರ ಮರಳಲಿಲ್ಲ. "ಸಾರ್ಗೆ ಉಪ್ ಕಮ್ಮಿ ಅಂತ ನನ್ ಬಯ್ಯೋವಷ್ಟದೆ," ಎಂದು ಮರುಕ್ಷಣವೇ ನಗುತ್ತಾರೆ.

ಸೋಂಕು ಇಳಿದು, ಹನ್ನೊಂದನೇ ದಿನ ಸುಶಮೀಂದ್ರ ಮನೆಗೆ ಹೊರಡುತ್ತಾರೆ. ವೈದ್ಯರಿಗೆ ಶಾಲು, ನರ್ಸುಗಳಿಗೆ ಮೈಸೂರು ಪಾಕು. ಬಾಗಿಲ ಬಳಿ ನಿಂತ ಹುಚ್ಚಮ್ಮನನ್ನು ಯಾರೂ ಕರೆಯುವುದಿಲ್ಲ. ಅವರ ಬಗ್ಗೆ ಬರೆಯಲೆಂದು ವಾರ್ಡಿಗೆ ಬಂದಿದ್ದ ನನಗೆ ಸಿಟ್ಟು ಬರುತ್ತದೆ, ಅವರಿಗಿಲ್ಲ.

"ಮರ್ತಿರ್ತಾರೆ, ಬುಡಿ. ಏಳ್ನೇ ಹಾಸ್ಗೆಯೋರು ಲಿಫ್ಟ್ ಬ್ಯಾಡ ಅಂದ್ಬುಟ್ಟು ಮೆಟ್ಲಿಳ್ಕಂಡೇ ಹೋದ್ರು. ಕಿವಿಗೊಟ್ಟು ಕೇಳ್ದೆ ಕನಪ್ಪ, ಒಂಚೂರೂ ಏದುಸ್ರಿಲ್ಲ."