ಜೋಡಿ ನೋಡಿ ತಂದ ಕ್ಯಾಮ್‌ಶಾಫ್ಟ್

ಬಂಗಾರದ ಅಂಗಡಿಯಲ್ಲಿ ಕುಳಿತರೆ ನನಗೆ ಆಕಳಿಕೆ ಬರುತ್ತದೆ. ಗ್ಯಾರೇಜಿನಲ್ಲಿ ಕುಳಿತರೆ ಹಸಿವೆ ಕೂಡ ಗೊತ್ತಾಗುವುದಿಲ್ಲ. ಹೆಣ್ಣುಮಗಳಿಗೆ ಇದೇನು ಚಟವೆಂದು ಕೇಳಿದವರಿಗೆಲ್ಲ ನಾನು ಬನಹಟ್ಟಿಯ ಕಡೆ ಬೆರಳು ತೋರಿಸುತ್ತೇನೆ. ಅದು ನನ್ನ ತವರು. ನಮ್ಮ ಪಡಸಾಲೆಯ ಗೋಡೆಯಾಚೆಗೇ ಪಾವರ್‌ಲೂಮುಗಳಿದ್ದವು. ಅವುಗಳ ಖಟಾಖಟ್ಟಿನಲ್ಲಿ ನಿದ್ದೆ ಮಾಡಿದವಳು ನಾನು. ಕರೆಂಟು ಹೋಗಿ ಮಗ್ಗ ನಿಂತಾಗಲೇ ಎಚ್ಚರವಾಗುತ್ತಿತ್ತು.

ಕಾರಿನ ಹುಚ್ಚು ಹತ್ತಿಸಿದವರು ಮಾತ್ರ ಶಿವಪ್ಪ ಮಾಮಾ, ನಮ್ಮವ್ವನ ತಮ್ಮ. ನಮ್ಮ ಕಡೆ ಸೋದರಮಾವನೆಂದರೆ ಅಕ್ಕನ ಮಗಳನ್ನು ಕಟ್ಟಿಕೊಳ್ಳುವ ಹಕ್ಕುದಾರ. ಮಾಮಾ ನನ್ನನ್ನು ಬಿಟ್ಟು ಒಂದು ಕೆಂಪು ಕಾರನ್ನು ಕಟ್ಟಿಕೊಂಡರು. ಇಬ್ಬರಿಗೂ ಒಳ್ಳೆಯದೇ ಆಯಿತೆನ್ನಿ. ಆ ಕಾರಿಗೆ ಅವರು ಎರಡು ಕಾರ್ಬುರೇಟರು ಕೂಡಿಸಿ, ಇಂಜಿನ್ನಿನ ಹೆಡ್ಡು ಕೆತ್ತಿಸಿ, ದಪ್ಪ ಸೈಲೆನ್ಸರು ಹಾಕಿಸಿ, ಅದನ್ನು ಮಾಡಿದ ಕಂಪನಿಯವರೇ ಗುರುತು ಹಿಡಿಯದ ಹಾಗೆ ಸಾಕಿದ್ದರು. ಮುಂದೆ ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟ ದಿನ ನನ್ನನ್ನು ಕರೆಸಿ, ಆ ಕಾರಿಗೆ ಸವತಿಯಾಗಿ ಬಂದ ಮಾಮಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬಿನ ಜೊತೆ ಕೀಲಿಯನ್ನೂ ಉಡಿಯಲ್ಲಿ ಹಾಕಿಸಿದರು. ಗಂಡನ ಮನೆ ಜಮಖಂಡಿಗೆ ನಾನು ಅದನ್ನು ಓಡಿಸಿಕೊಂಡೇ ಬಂದೆ.

ಆ ಕಾರು ನನಗೆ ಬರೀ ಷೋಕಿಯಾಗಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ನಾನು ಗಣಿತದ ಟೀಚರು. ಆಣೆಕಟ್ಟಿನ ಹಿನ್ನೀರು ಹಳೆಯ ಊರನ್ನು ತುಂಬಿಕೊಂಡ ಮೇಲೆ ಅನಗವಾಡಿಯ ಕಡೆ ಎತ್ತರದಲ್ಲಿ ಕಟ್ಟಿದ ಒಂದು ಹೊಸ ಊರಿನ ಸಾಲೆ ನನ್ನದು. ಆ ಊರಿಗೆ ಬೀದಿಗಳು ಬಂದಿದ್ದವು, ನಲ್ಲಿ ಬಂದಿತ್ತು, ಹೊತ್ತಿಗೆ ಸರಿಯಾಗಿ ಬಸ್ಸು ಮಾತ್ರ ಬಂದಿರಲಿಲ್ಲ. ಬಸ್ಸು ಹಿಡಿದು ಹೋದರೆ ಎರಡನೆಯ ಪಿರಿಯಡ್ಡು ಮುಗಿದಿರುತ್ತಿತ್ತು. ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಗಣಿತ ಹೇಳಲು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹೀಗಾಗಿ ಕಾರು ಓಡಿದರೆ ಗಣಿತ, ಇಲ್ಲದಿದ್ದರೆ ಇಲ್ಲ.

ಆ ವರ್ಷ ಬೇಸಿಗೆಯ ಸೂಟಿ ಹತ್ತಿರ ಬಂದಾಗ ಕಾರು ಏರಿನಲ್ಲಿ ಏದುಸಿರು ಬಿಡತೊಡಗಿತು. ಮುಧೋಳದ ಮೆಕ್ಯಾನಿಕ್ ರಫೀಕ್, ನಮ್ಮ ಮಾಮಾನ ಕಾಲದಿಂದಲೂ ಅದರ ವೈದ್ಯ. ಇಂಜಿನ್ ಬಿಚ್ಚಿ, ಒಳಗಿನಿಂದ ಒಂದು ಕಬ್ಬಿಣದ ದಂಡು ಹೊರತೆಗೆದು ನನ್ನ ಮುಂದೆ ಹಿಡಿದ.

"ನೋಡ್ರಿ ಅಕ್ಕಾರ, ಸವದು ಸವದು ತತ್ತಿ ಹೋಗಿ ಅಡಕಿ ಆಗ್ಯಾವು."

ಕ್ಯಾಮ್‌ಶಾಫ್ಟ್ ಎಂಬ ಹೆಸರಿಗೆ ಹೆದರಬೇಡಿ. ಅದು ಮೈಮೇಲೆ ತತ್ತಿಯಾಕಾರದ ಉಬ್ಬುಗಳಿರುವ ಒಂದು ದಂಡು. ತಿರುಗುವಾಗ ತತ್ತಿಯ ಚೂಪು ತುದಿ ಬಂದು ವಾಲ್ವನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ, ಇಂಜಿನ್ ಉಸಿರು ಎಳೆದುಕೊಳ್ಳುತ್ತದೆ. ತುದಿ ದಾಟಿತೋ, ಬಾಗಿಲು ಮುಚ್ಚುತ್ತದೆ. ಬನಹಟ್ಟಿಯ ಮಗ್ಗದಲ್ಲೂ ಇಂಥದೇ ಉಬ್ಬು ತಿರುಗುತ್ತ ಎಳೆಗಳನ್ನು ಎತ್ತಿ ಇಳಿಸುತ್ತದೆ, ನಡುವೆ ಲಾಳಿ ಓಡುತ್ತದೆ. ಬಾಗಿಲು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದರಲ್ಲೇ ಇಂಜಿನ್ನಿನ ಸ್ವಭಾವವೆಲ್ಲ ಅಡಗಿದೆ. ಬಹಳ ಹೊತ್ತು ತೆರೆದಿಟ್ಟರೆ ಜೋರಾಗಿ ಓಡುವಾಗ ಶಕ್ತಿಯೋ ಶಕ್ತಿ. ಆದರೆ ನಿಧಾನ ಹೋಗುವಾಗ, ಮುಂಬಾಗಿಲಿನಿಂದ ಬಂದ ಬೀಗರು ಕೂಡ್ರುವ ಮೊದಲೇ ಹಿತ್ತಲ ಬಾಗಿಲಿನಿಂದ ಎದ್ದುಹೋದ ಹಾಗೆ, ಒಳಗೆ ಬಂದ ಉಸಿರು ಸುಮ್ಮನೆ ಹೊರಗೆ ಹೋಗುತ್ತದೆ.

ಅಂಗಡಿಯಲ್ಲಿ ಆ ಕಾರಿನ ದಂಡು ಸಿಗುವ ಕಾಲ ಮುಗಿದಿತ್ತು. "ಕೊಲ್ಹಾಪುರದಾಗ ಒಬ್ಬ ದಾದಾ ಅದಾರ್ರಿ. ಹೆಂಗ ಹೇಳಿದ್ರ ಹಂಗ ಕೆತ್ತಿ ಕೊಡ್ತಾರ. ನಿಮಗ ಎಂಥಾದ್ದು ಬೇಕು?" ಎಂದ ರಫೀಕ್.

ಎಂಥದು ಬೇಕು! ಆ ಪ್ರಶ್ನೆ ಕೇಳಿ ನನ್ನ ಎದೆ ಅರಳಿತು. ಮದುವೆಗೆ ಮುಂಚೆ ಯಾರೂ ನನಗೆ ಅದನ್ನು ಕೇಳಿರಲಿಲ್ಲ.

ಮನೆಯಲ್ಲಿ ಮಾವನವರ ವಿಚಾರವೇ ಬೇರೆ. ಅವರು ಬೀರಪ್ಪನ ಭಕ್ತರು, ಹೊಲ, ಕುರಿ, ದನವಿದ್ದ ಮನೆತನದವರು. ಸುತ್ತಿನಲ್ಲಿ ಯಾರೇ ಎತ್ತು ಕೊಳ್ಳಲಿ, ಮಾವನವರು ಹೋಗಿ ಹಲ್ಲು ನೋಡಿ, ಸುಳಿ ನೋಡಿ, ಬೆನ್ನಿಗೆ ಕೈಯಾಡಿಸಿ ‘ಹೂಂ’ ಅನ್ನಬೇಕು. ತಾವು ಜಿಲ್ಲೆಗೊಬ್ಬರೇ ಎಂಬ ಸಣ್ಣ ಜಂಬವೂ ಅವರಿಗಿದೆ, ಇರಲಿ.

"ಮುದಿ ಎತ್ತಿಗೆ ಕೊಂಬು ಸವರಿದ್ರ ಹರೇ ಬರ್ತೈತೇನವಾ? ಗುಜರಿಗೆ ಹಾಕು. ಜಮಖಂಡಿಗೇ ಟ್ರಾನ್ಸ್‌ಫರ್ ಕೇಳು" ಎಂದರು.

"ಸಾಲಿ ಚಾಲೂ ಆಗೂದ್ರೊಳಗ ರಿಪೇರಿ ಆಗಲಿಲ್ಲಂದ್ರ ಅರ್ಜಿ ಕೊಡ್ತೀನ್ರಿ ಮಾವಾರ" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಮನೆಯಲ್ಲಿ ದಿನಾ ಗುದ್ದಾಡಿ ಸಾಕಾಗಿತ್ತು. ನಮ್ಮವರು ನನ್ನ ಮಾತಿಗೂ ತಲೆಯಾಡಿಸಿದರು, ಅಪ್ಪನ ಮಾತಿಗೂ ತಲೆಯಾಡಿಸಿದರು. ಅವರು ಹಾಗಿರುವುದರಿಂದಲೇ ನಮ್ಮ ಮನೆ ನಿಂತಿದೆ.

ಇಲ್ಲಿ ಸ್ವಲ್ಪ ದರ್ಜಿಯ ಅಂಗಡಿಗೆ ಹೋಗಿ ಬರೋಣ. ಹೊಸ ಜಂಪರು ಹೊಲಿಸುವಾಗ ನಾವು ಹೆಂಗಸರು ಅಳತೆಗೆಂದು ಒಂದು ಹಳೆಯ ಜಂಪರು ಒಯ್ಯುತ್ತೇವಷ್ಟೆ? ನಾನು ಒಯ್ಯುವುದು ಮದುವೆಯ ವರ್ಷದ್ದು. ಈಗ ಅದು ನನ್ನ ತೋಳಿಗೂ ಏರುವುದಿಲ್ಲ. ಆದರೆ ಅಳತೆ ಕೊಡುವಾಗ ಮನಸ್ಸಿಗೆ ಏನೋ ಆಸೆ: ಹೊಸದು ಬರುವಷ್ಟರಲ್ಲಿ ನಾನೂ ಅಷ್ಟಕ್ಕೇ ಇಳಿದಿದ್ದೇನು. ಮನುಷ್ಯರು ಅಳತೆ ಕೊಡುವುದು ಇರುವ ಮೈಗಲ್ಲ, ಬೇಕಾದ ಮೈಗೆ.

ಕೊಲ್ಹಾಪುರದ ದಾದಾ ಫೋನಿನಲ್ಲಿ ಅಳತೆ ತೆಗೆದುಕೊಂಡರು. ಗಾಡಿಯಲ್ಲಿ ಎಷ್ಟು ಮಂದಿ ಕೂಡ್ರುತ್ತಾರೆ? "ನಾನೊಬ್ಬಾಕೀರಿ." ರಸ್ತೆ ಹೇಗಿದೆ? "ಬಯಲು ರಸ್ತೇರಿ." ಯಾವ ವೇಗದಲ್ಲಿ ಶಕ್ತಿ ಬೇಕು? "ಮ್ಯಾಲಿನ ವೇಗದಾಗರಿ." ದಾದಾ, "ತಾಯೀ, ರೇಸಿಗೇನು?" ಎಂದು ಕೇಳಿದರು. ನಾನು ರಫೀಕನ ಮುಖ ನೋಡಿದೆ. ಅವನೂ ನಾನೂ ಎತ್ತಿನ ಓಟವೆಂದರೆ ಊಟ ಬಿಟ್ಟು ಓಡುವ ಜಾತಿ. ಅವನು ಕಣ್ಣಲ್ಲೇ ‘ಹೂಂ ಅನ್ರಿ’ ಎಂದ. "ಹಂಗಂತ ತಿಳೀರಿ" ಎಂದುಬಿಟ್ಟೆ.

ದಂಡು ಬಂತು, ಕೂಡಿಸಿದ್ದಾಯಿತು. ಕಾರು ಶುರುವಾದದ್ದೇ ಮೈಮೇಲೆ ದೇವರು ಬಂದವರ ಹಾಗೆ ನಿಂತಲ್ಲೇ ಢಗ್ ಢಗ್ ಎಂದು ನಡುಗಿತು. ಓಣಿಯೇ ಹೊರಗೆ ಬಂತು. ಸೂಟಿ ಮುಗಿಯಲು ಇನ್ನೂ ದಿನಗಳಿದ್ದವು. ನಾನು ಗೆದ್ದೆನೆಂದು ಮಾವನವರನ್ನೇ ಪಕ್ಕದಲ್ಲಿ ಕೂಡ್ರಿಸಿಕೊಂಡು ಸಾಲೆಯ ದಾರಿ ಹಿಡಿದೆ. ಬಯಲಿನಲ್ಲಿ ಅದು ಹೋದ ಪರಿ ಏನು ಹೇಳಲಿ! ಇಂಜಿನ್ನಿನ ಸುತ್ತು ಎಣಿಸುವ ಮೀಟರಿನ ಮುಳ್ಳು ಮೇಲೇರಿದಂತೆ ಕಾರು ಹಾಡತೊಡಗಿತು, ನನಗೆ ಕಣ್ಣೀರೇ ಬಂತು. ಮಾವನವರು ಒಂದು ಕೈಯಲ್ಲಿ ತಲೆಯ ಪಟಗಾ, ಇನ್ನೊಂದರಲ್ಲಿ ಬಾಗಿಲು ಹಿಡಿದು ಕುಳಿತಿದ್ದರು.

ಬೀಳಗಿ ದಾಟಿದ ಮೇಲೆ ಎದುರಿಗೆ ಕುರಿ ಹಿಂಡು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಕುರಿ. ಕುರಿಯ ಹಿಂದೆ ಕುರಿಯ ಹಾಗೇ ಹೋಗಬೇಕಷ್ಟೆ? ಕಾಲು ಸಡಿಲಿಸಿದೆ. ಕಾರು ಕೆಮ್ಮಿತು, ಕುಪ್ಪಳಿಸಿತು, ನಿಂತಿತು. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ಸುತ್ತ ಬ್ಯಾ ಬ್ಯಾ ಎಂಬ ಸಮುದ್ರ. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡ ಕುರುಬ ಕಿಟಕಿಗೆ ಬಗ್ಗಿ, "ಯಾಕವ್ವಾ, ನಿನ್ನ ಗಾಡೀಗೆ ಕುರಿ ಕಂಡ್ರ ಅಂಜಿಕೇನು?" ಎಂದ. ಬೀರಪ್ಪನ ಗುಡಿಯಲ್ಲಿ ಮಾವನವರ ಜೊತೆ ಕೂಡ್ರುವ ಮನುಷ್ಯನೇ ಅವನು. ಮಾವನವರು ಮುಖ ಆಚೆ ತಿರುಗಿಸಿಕೊಂಡರು.

ಹಿಂಡೆಲ್ಲ ಹೋದ ಮೇಲೆ ಅವರು ಇಳಿದು, ಬಿಸಿಯಾದ ಬಾನೆಟ್ಟಿನ ಮೇಲೆ ಎತ್ತಿನ ಬೆನ್ನಿಗೆ ಆಡಿಸುವ ಹಾಗೆ ಕೈಯಾಡಿಸಿದರು. ಗುಜರಿಯ ಮಾತು ಈಗ ಬಂದೀತೆಂದು ನಾನೂ ಇಳಿದು ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ:

"ಸುವರ್ಣಾ, ಇದರ ಜೋಡಿ ಯಾವುದವಾ?"

"ಜೋಡಿ ಅಂದ್ರೇನ್ರಿ ಮಾವಾರ?"

"ಒಂಟಿ ಎತ್ತು ಯಾರೂ ತರೂದಿಲ್ಲ. ಮನ್ಯಾಗಿನ ಎತ್ತಿಗೆ ಜೋಡಿ ನೋಡಿ ತರ್ತಾರ. ನಾನೂ ಒಮ್ಮೆ ಓಟದ ಎತ್ತು ಅಂತ ಹಾರ್‍ಯಾಡಿ ತಂದೆ. ಮನ್ಯಾಗ ಇದ್ದದ್ದು ಹೊಲದ ಎತ್ತು. ಕೂಡಿ ಹೂಡಿದ್ರ, ಒಂದು ಓಡತೈತಿ, ಒಂದು ನಡೀತೈತಿ. ನೆಟ್ಟಗ ಒಂದು ಸಾಲು ಬೀಳಲಿಲ್ಲ, ಬಾವಿ ಸುತ್ತ ರಂಗೋಲಿ ಹಾಕಿದ್ವು. ಊರೆಲ್ಲಾ ನಕ್ಕಿತು."

ಆ ಕಥೆಯನ್ನು ಅವರು ಅದುವರೆಗೆ ತಾವಾಗಿ ಯಾರಿಗೂ ಹೇಳಿರಲಿಲ್ಲವಂತೆ, ಅತ್ತೆಯವರು ಆಮೇಲೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನ್ನ ದಂಡಿನ ಜೋಡಿ ಯಾವುದು? ನನ್ನ ರಸ್ತೆ, ನನ್ನ ಗೇರು, ನನ್ನ ಕುರಿ ಹಿಂಡು, ಡಿಕ್ಕಿಯಲ್ಲಿ ತವರಿನಿಂದ ಬರುವ ಸೀರೆಯ ಗಂಟು, ಹಿಂದೆ ಅತ್ತೆಯವರು, ಅವರ ಜೋಳದ ಚೀಲ. ಗಣಿತದವಳಿಗೆ ಲೆಕ್ಕ ಹಚ್ಚುವುದೇನು ಕಷ್ಟ? ಮರುದಿನದಿಂದ ಅದೇ ದಾರಿಯಲ್ಲಿ ಹೋಗಿ ಬಂದು, ಮುಳ್ಳು ಎಲ್ಲಿ ಆಡುತ್ತದೆಂದು ಗಮನಿಸಿದೆ. ಅದು ದಿನವೆಲ್ಲ ನಡುವಿನಲ್ಲೇ ಆಡುತ್ತಿತ್ತು. ನಾನು ಶಕ್ತಿ ಕೇಳಿಕೊಂಡಿದ್ದ ಮೇಲಿನ ಜಾಗಕ್ಕೆ ಹೋಗಿದ್ದು ಬಯಲಿನಲ್ಲಿ ಒಂದು ಗಳಿಗೆ ಮಾತ್ರ.

ಎರಡನೆಯ ಸಲ ದಾದಾಗೆ ಫೋನು ಹಚ್ಚಿದಾಗ ಮಾವನವರೂ ಪಕ್ಕದಲ್ಲಿ ಕುಳಿತರು. ಎಷ್ಟು ಮಂದಿ ಎಂದು ಕೇಳಿದ್ದೇ ತಡ, "ನಾನೂ ಬರಾಂವಾ ಅಂತ ಬರಕೋರಿ!" ಎಂದು ಕೂಗಿದರು. ಕಾರು ಗುಜರಿಗೆ ಎಂದವರು! ಆಮೇಲೆ ನಮ್ಮಿಬ್ಬರಿಗೆ ಜಗಳ. ಅವರಿಗೆ ಭಾರ ಎಳೆಯುವ ಎತ್ತೇ ಬೇಕು, ಹೆಜ್ಜೆ ಹೆಜ್ಜೆಗೂ ಜಗ್ಗುವಂಥದು. "ಹಂಗಾದ್ರ ಚಕ್ಕಡೀನ ಹೂಡ್ರಿ ಮಾವಾರ, ಕಾರ್ಯಾಕ?" ಎಂದೆ ನಾನು. ಮಾಮಾ ಹೆಡ್ಡು ಕೆತ್ತಿಸಿದ್ದು, ಎರಡು ಕಾರ್ಬುರೇಟರು ಕೂಡಿಸಿದ್ದು ಕುರಿ ಕಾಯಲಿಕ್ಕೆಂದೇನಲ್ಲ. ಅವು ಉಸಿರು ಕೇಳುತ್ತವೆ, ಕೊಡಲೇಬೇಕು. ಕಡೆಗೆ ನಾನೇ ದಾದಾಗೆ ಹೇಳಿದೆ: ಬಾಗಿಲು ಎತ್ತರಕ್ಕೆ ತೆರೆಯಲಿ, ಆದರೆ ಬಹಳ ಹೊತ್ತು ತೆರೆದಿರುವುದು ಬೇಡ, ಕೆಳಗೆ ನಿಧಾನ ನಡೆಯಲಿ, ನಡುವಿನಲ್ಲಿ ಮೈಬಿಚ್ಚಿ ಓಡಲಿ, ತುದಿಯ ಓಟ ಇಲ್ಲದಿದ್ದರೂ ನಡೆದೀತು. ಅತ್ತ ಕಡೆ ದಾದಾ ದೊಡ್ಡ ಉಸಿರು ಬಿಟ್ಟರು. "ತಾಯೀ, ಈಗ ಗಾಡಿ ಯಾರದಂತ ಗೊತ್ತಾತು" ಎಂದರು.

ಸಾಲೆ ಶುರುವಾಗುವ ಹಿಂದಿನ ದಿನ ರಫೀಕ್ ಎರಡನೆಯ ದಂಡು ಕೂಡಿಸಿ ಕೈ ಒರೆಸಿಕೊಂಡ. ಮರುದಿನ ಮುಂಜಾನೆ ನಾನು ಕೀಲಿ ತೆಗೆದುಕೊಂಡು ಹೊರಗೆ ಬಂದರೆ ಮಾವನವರು ಹೊಸ ಧೋತರ ಉಟ್ಟು ಆಗಲೇ ಕಾರಿನಲ್ಲಿ ಕುಳಿತಿದ್ದರು. ಬೀರಪ್ಪನ ಕೃಪೆ ನೋಡಿ, ಬೀಳಗಿಯಾಚೆ ಮತ್ತೆ ಹಿಂಡು. ಕಾರು ಕೆಮ್ಮಲಿಲ್ಲ. ಗುರುಗುಟ್ಟುತ್ತ ಕುರಿಗಳ ಹಿಂದೆ ಹೆಜ್ಜೆ ಹಾಕಿತು, ಕುರುಬನಿಗಿಂತ ತಾಳ್ಮೆಯಿಂದ. ಮಾವನವರು ಕಿಟಕಿಯ ಹೊರಗೆ ತಲೆ ಹಾಕಿ ಅವನನ್ನು ಹೆಸರು ಹಿಡಿದು ಕೂಗಿ ಮಾತಾಡಿಸಿದರು.

ಹಿಂಡು ದಾಟಿ ಹಿನ್ನೀರಿನ ಪಕ್ಕದ ಏರು ಬಂದಾಗ ನಾನು ಪೆಡಲ್ ಒತ್ತಿದೆ. ಮುಳ್ಳು ನಡುವಿಗೆ ಬಂತು, ಕಾರು ಏರನ್ನು ಎದೆಯಿಂದ ತಳ್ಳಿಕೊಂಡು ಎದ್ದಿತು. "ಏ, ಸಾವಕಾಶವಾ!" ಎಂದರು ಮಾವನವರು. ಏರು ಮುಗಿದು ನೀರು ಉದ್ದಕ್ಕೂ ಹೊಳೆದದ್ದು ಕಂಡಾಗ ಪಟಗಾ ಬಿಗಿ ಮಾಡಿಕೊಂಡು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ, "ಇನ್ನೊಂಚೂರು ಬಿಡು, ನೋಡೂಣು" ಎಂದರು.

ಸಾಲೆಯ ಅಂಗಳದಲ್ಲಿ ಇಳಿಯುವಾಗ ಕೇಳಿದರು, "ಆ ಟ್ರಾನ್ಸ್‌ಫರ್ ಅರ್ಜಿ ಎಲ್ಲಿಟ್ಟೀ?"

"ಬರದೇ ಇಲ್ರಿ ಮಾವಾರ."

"ಛಲೋ ಆತು."

ಕೊಲ್ಹಾಪುರದಿಂದ ಬಂದ ಮೊದಲನೆಯ ದಂಡು ಡಿಕ್ಕಿಯಲ್ಲೇ ಇತ್ತು. ನಮ್ಮ ಸಾಲೆಯ ಗಂಟೆಯೆಂದರೆ ಬೇವಿನ ಗಿಡಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಅದನ್ನು ಬಾರಿಸುವ ಸರಳು ಸೂಟಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಜವಾನ ಕಲ್ಲು ಹುಡುಕುತ್ತಿದ್ದ. ದಂಡನ್ನು ಅವನ ಕೈಗೆ ಕೊಟ್ಟೆ. ಒಂದು ಬಾರಿಸಿ ನೋಡಿ, "ನಾದ ಐತ್ರಿ ಅಕ್ಕಾರ" ಎಂದ. ಅಂದಿನಿಂದ ಅದರದೇ ಕೆಲಸ. ನನ್ನನ್ನು ಗಾಳಿಯಾಗಿ ಒಯ್ಯಲೆಂದು ತರಿಸಿದ ಕ್ಯಾಮ್‌ಶಾಫ್ಟು ದಿನಾ ಆ ಬೇವಿಗೆ ಒರಗಿ ನಿಂತಿರುತ್ತದೆ. ನಾನು ಕಾರು ನಿಲ್ಲಿಸಿ, ಸೆರಗು ಕೊಡವಿ, ಹುಡುಗಿಯರ ‘ನಮಸ್ಕಾರ್‍ರಿ ಅಕ್ಕಾರ’ ತೆಗೆದುಕೊಂಡು ಮೆಟ್ಟಿಲು ಹತ್ತಿದ ಮೇಲೆಯೇ ಅದಕ್ಕೆ ಬಾಯಿ ಬರುತ್ತದೆ.