ಒಳಗಿನಿಂದ ಹಾಕಿದ ಚಿಲಕ

ಇದು ಕಟ್ಟಿದ ಕಥೆ ಅಂತ ನೀವು ಅಂದರೆ ನನಗೇನೂ ಬೇಜಾರಿಲ್ಲ. ಆದರೆ ಕಟ್ಟೋದೇ ಆಗಿದ್ದರೆ ನನ್ನನ್ನ ನಾನು ಇನ್ನೊಂದಿಷ್ಟು ಒಳ್ಳೆಯವನನ್ನಾಗಿ ತೋರಿಸಿಕೊಳ್ತಿದ್ದೆ. ನಡೆದದ್ದನ್ನ ನಡೆದ ಹಾಗೇ ಹೇಳ್ತೀನಿ... ಹೇಳೋಕೆ ನಾಚಿಕೆ ಆಗತ್ತೆ, ಆದರೂ.

ನಮ್ಮದು ಬಸ್ತಿಹಳ್ಳಿ. ಹಳೇಬೀಡಿನ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಹೆಂಡತಿ ತ್ರಿಶಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವಳಿಗೆ ಫೋಟೋ ತೆಗೆಯೋ ಹುಚ್ಚು. ಕೆರೆ ಏರಿ ಮೇಲೆ ಬೆಳಕು ಹರಿಯೋ ಮುಂಚೆ ಕೂತು ಹಕ್ಕಿಗಳಿಗೆ ಕಾಯ್ತಾಳೆ. ನನಗೆ ಆ ಹುಚ್ಚಿಲ್ಲ. ಗಾಡಿ ಓಡಿಸೋದು, ಸ್ಟ್ಯಾಂಡ್ ಹೊರೋದು, ಅಷ್ಟೇ ನನ್ನ ಪಾಲಿನದು.

ಬೆನ್ನ ಮೇಲೆ ಮರಿ ಕೂರಿಸಿಕೊಂಡು ಹೋಗೋ ತಾಯಿ ಕರಡಿಯ ಫೋಟೋ ತೆಗೀಬೇಕು ಅನ್ನೋದು ಅವಳ ಬಹಳ ದಿನದ ಆಸೆ. ಅರಸೀಕೆರೆ ಕಡೆ ಗುಡ್ಡಗಳಲ್ಲಿ ಕರಡಿ ಇವೆ. ಕಾಡಿನೊಳಗೆ ರಾತ್ರಿ ಉಳಿಯೋಕೆ ಬಿಡಲ್ಲ. ಹಾರನಹಳ್ಳಿಯಿಂದ ಆಚೆ, ಗುಡ್ಡಕ್ಕೆ ಅಂಟಿಕೊಂಡ ಹಾಗೆ ಬಸವರಾಜಣ್ಣ ಅನ್ನೋ ರೈತರ ತೋಟ ಇತ್ತು. ನನ್ನ ಅಂಗಡಿಯ ಹಳೇ ಗಿರಾಕಿ. "ಬನ್ನಿ, ತೋಟದ ಕೊನೇಲಿ ನಿಲ್ಲಿಸ್ಕಳಿ" ಅಂದಿದ್ರು.

ಹಾಸನದಿಂದ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಂದೆ. ಎದುರುಬದುರು ಎರಡು ಹಾಸಿಗೆ, ನಡುವೆ ಒಬ್ಬರು ಓಡಾಡುವಷ್ಟು ಜಾಗ, ಪಕ್ಕಕ್ಕೆ ಎಳೆಯೋ ಬಾಗಿಲು. ಬಾಗಿಲಿಗೆ ಕಂಪನಿಯ ಲಾಕು ಸಾಲದು ಅಂತ ಯಾರೋ ಒಳಗಿನಿಂದ ಒಂದು ಕಬ್ಬಿಣದ ಚಿಲಕವನ್ನೂ ಬಡಿಸಿದ್ದರು. ಹಿಂದುಗಡೆ ಮೇಲೆ ಹತ್ತೋಕೆ ಏಣಿ.

ಪುಷ್ಯದ ಚಳಿ. ರಾಗಿ ಕೊಯ್ಲಾಗಿ ಹೊಲ ಬೋಳಾಗಿತ್ತು. ಹೊತ್ತು ಮುಳುಗೋ ಮುಂಚೆ ಊಟ ಮುಗಿಸೋದು ನಮ್ಮ ಮನೆ ಪದ್ಧತಿ. ಚಪಾತಿ, ಅವರೆಕಾಳು ಪಲ್ಯ ತಿಂದು ಕೈ ತೊಳೆಯೋ ಹೊತ್ತಿಗೆ ಬಸವರಾಜಣ್ಣ ಬಂದರು.

"ಕತ್ಲಾದ್ ಮ್ಯಾಲೆ ಬಾಗ್ಲು ತೆಗೀಬ್ಯಾಡಿ ಕಣ್ರೀ. ಅಗಾ, ಆ ಹುತ್ತದ ತಾವ್ಕೆ ಗೆದ್ಲು ತಿನ್ನಾಕೆ ದಿನಾ ಬತ್ತವೆ. ಮರಿ ಇರೋ ಕರಡಿ, ಮಕ ಮೂತಿನೇ ಕಿತ್ತಾಕ್ಬುಡ್ತದೆ."

ಅವರು ಹೋದ ಮೇಲೆ ತ್ರಿಶಲಾ ಕಿಟಕಿಗೆ ಕ್ಯಾಮೆರಾ ಇಟ್ಟು ಕೂತಳು. "ಲೈಟ್ ಮಾತ್ರ ಹಾಕ್ಬೇಡಿ ರೀ, ಬೆದರಿ ಹೋಗ್ತವೆ" ಅಂದಳು. ಬೆಳದಿಂಗಳಿತ್ತು. ನಾನು ಕಂಬಳಿ ಹೊದ್ದು ಮಲಗಿದೆ.

ಎಚ್ಚರ ಆಗಿದ್ದು ವಾಸನೆಗೆ. ನೆಂದ ಕಂಬಳಿ, ಕೊಳೆತ ಹಣ್ಣು ಸೇರಿದ ಹಾಗೆ... ಎಲ್ಲೋ ಹತ್ತಿರದಲ್ಲಿ ಮಣ್ಣು ಕೆರೆಯೋ ಸದ್ದು. ಕಿಟಕಿಯ ಪರದೆಗಳನ್ನ ಯಾರೋ ಎಳೆದಿದ್ದರು. ಕಗ್ಗತ್ತಲು.

ಎದುರು ಹಾಸಿಗೆಯಲ್ಲಿ ತ್ರಿಶಲಾ ಉಸಿರಾಡೋದು ಕೇಳಿಸ್ತಿತ್ತು. ಸದ್ಯ, ಮಲಗಿದಾಳೆ ಅಂದುಕೊಂಡೆ.

ಆಮೇಲೆ ಬಾಗಿಲು ತಟ್ಟಿದರು. ಮೆಲ್ಲಗೆ, ಬೆರಳ ಗಿಣ್ಣಿನಲ್ಲಿ.

"ರೀ... ಬಾಗಿಲು ತೆಗೀರಿ."

ತ್ರಿಶಲಾಳ ದನಿ.

ಕೈ ಚಾಚಿ ಎದುರು ಹಾಸಿಗೆ ತಡಕಿದೆ. ಕೈ ಸಿಕ್ಕಿತು. ಬಳೆ ಇದ್ದ ಕೈ. ಬೆಚ್ಚಗಿತ್ತು. ಅವಳು ಹಚ್ಚೋ ಎಣ್ಣೆಯ ವಾಸನೆಯೂ ಬಂತು.

"ತ್ರಿಶಲಾ?" ಅಂತ ಪಿಸುಗುಟ್ಟಿದೆ.

"ಹೂಂ."

"ಹೊರಗೆ ಯಾರೋ..."

"ತೆಗೀಬೇಡಿ" ಅಂತು ಆ ದನಿ. ಕೈ ನನ್ನ ಕೈಯನ್ನ ಬಿಗಿಯಾಗಿ ಹಿಡೀತು.

ಹೊರಗಿನ ದನಿ ಅಳೋ ಹಾಗಾಯ್ತು. "ರೀ, ಕರಡಿ ಈ ಕಡೆನೇ ಬರ್ತಿದೆ. ಲಾಕ್ ಯಾಕೆ ಹಾಕಿದ್ರಿ? ದಮ್ಮಯ್ಯ, ತೆಗೀರಿ..." ಸ್ವಲ್ಪ ತಡೆದು, "ಒಳಗೆ ಯಾರ ಜೊತೆ ಮಾತಾಡ್ತಿದ್ದೀರಿ?"

ಲೈಟ್ ಹಾಕಬಹುದಿತ್ತು. ಎದುರು ಹಾಸಿಗೆಯ ಮೇಲೆ ಬೆಳಕು ಬಿದ್ದರೆ ಏನು ಕಾಣಬೇಕಾಗತ್ತೋ ಅನ್ನೋ ಹೆದರಿಕೆ. ನಾನು ಎದ್ದೆ. ಎದ್ದು ಬಾಗಿಲು ತೆಗೀಲಿಲ್ಲ... ಆ ಕಬ್ಬಿಣದ ಚಿಲಕವನ್ನೂ ಹಾಕಿದೆ. ಅದು ಠಣ್ ಅಂತ ಕೂತ ಸದ್ದು ಹೊರಗೆ ಕೇಳಿಸಿರಬೇಕು. ಅಳು ಥಟ್ಟನೆ ನಿಂತಿತು.

ಆಮೇಲೆ ಓಡಿದ ಹೆಜ್ಜೆ. ಏನೋ ಗೊರಗೊರ ಅಂತ ಅಬ್ಬರಿಸಿತು. ತಗಡಿನ ಮೇಲೆ ಉಗುರು ಎಳೆದ ಹಾಗೆ ಸದ್ದಾಗಿ ಇಡೀ ವ್ಯಾನು ಅಲ್ಲಾಡಿತು. ನಾನು ಹಾಸಿಗೆಗೆ ಬಿದ್ದು ಮತ್ತೆ ಆ ಕೈ ಹಿಡಿದುಕೊಂಡೆ.

ಕಣ್ಣು ಮುಚ್ಚಿ ನಮ್ಮ ಜೈನರ ಪಂಚನಮಸ್ಕಾರ ಮಂತ್ರ ಹೇಳಿಕೊಂಡೆ. ಮದುವೆಯಾದಾಗಿನಿಂದ ನಾನು ಮೊದಲ ಸಾಲು ಹೇಳಿದರೆ ಎರಡನೆಯದನ್ನ ತ್ರಿಶಲಾ ಹೇಳ್ತಾಳೆ. ನಿದ್ದೆಗಣ್ಣಲ್ಲೂ ಹೇಳ್ತಾಳೆ. ಅವತ್ತು ಎದುರು ಹಾಸಿಗೆಯಿಂದ ಬರೀ ಉಸಿರು. ಮತ್ತೊಮ್ಮೆ ಮೊದಲ ಸಾಲು ಹೇಳಿ ಕಾದೆ... ಬರೀ ಉಸಿರು. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು ಅಂತಲೇ ಈಗ ಅನ್ನಿಸತ್ತೆ. ಆದರೂ ಕೈ ಬಿಡಲಿಲ್ಲ.

ಗುಡ್ಡದಲ್ಲಿ ನವಿಲು ಕೂಗಿತು. ಪರದೆಯ ಅಂಚಿನಲ್ಲಿ ಬೆಳಕು ಕಂಡಿತು. ನನ್ನ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಎದುರು ಹಾಸಿಗೆಯ ಕಂಬಳಿ ಸಂಜೆ ಮಡಚಿಟ್ಟ ಹಾಗೇ ಇತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಚಿಲಕ ತೆಗೆದು ಇಳಿದೆ. ಬಾಗಿಲ ಬಣ್ಣವನ್ನ ಉಗುರು ಉದ್ದಕ್ಕೆ ಸೀಳಿತ್ತು. ಸುತ್ತಲೂ ನೋಡ್ತಾ ಹಿಂದುಗಡೆ ಏಣಿ ಹತ್ತಿರ ಬಂದೆ. ಮೇಲೆ ಏನೋ ಅಲ್ಲಾಡಿತು. ವ್ಯಾನಿನ ತಲೆಯ ಮೇಲೆ ಅವಳು ಮಂಡಿ ಅಪ್ಪಿಕೊಂಡು ಕೂತಿದ್ದಳು. ಮೊಣಕಾಲು ತರಚಿ ರಕ್ತ ಒಣಗಿತ್ತು. ತುಟಿ ನೀಲಿ. ನನ್ನನ್ನ ನೋಡಿದಳು, ಕರೀಲಿಲ್ಲ.

ಅಷ್ಟರಲ್ಲಿ ಬಸವರಾಜಣ್ಣ ಹಾಲಿನ ಚೊಂಬು ಹಿಡಿದು ಬಂದರು. "ಅಕ್ಕಾರು ಯಾಕಣ್ಣ ಮ್ಯಾಲವ್ರೆ?"

"ಫೋಟೋ ತೆಗೆಯೋಕೆ ಅಂತ ಹತ್ತಿದ್ಲು" ಅಂದೆ. ಬಾಯಿಗೆ ಬಂದ ಮೊದಲ ಮಾತೇ ಸುಳ್ಳು. ತ್ರಿಶಲಾ ಮೇಲಿಂದ ಕೇಳಿಸಿಕೊಂಡಳು. ಅವರು ಏಣಿ ಹಿಡಿದು ಅವಳನ್ನ ಇಳಿಸಿಕೊಂಡರು. ನನ್ನ ಕೈಯನ್ನ ಅವಳು ಹಿಡೀಲಿಲ್ಲ.

ಊರ ಕಡೆ ಗಾಡಿ ತಿರುಗಿಸಿದೆ. ಜಾವಗಲ್ ದಾಟಿದ ಮೇಲೆ ಅವಳೇ ಶುರು ಮಾಡಿದಳು. "ಗಾಜಿನಿಂದ ಸರಿಯಾಗಿ ಕಾಣ್ತಿರಲಿಲ್ಲ, ಇಳಿದೆ. ನಿಮ್ಮನ್ನ ಎಬ್ಬಿಸಿ ಹೇಳಿದ್ದೆ, ಹೂಂ ಅಂದ್ರಿ. ಬಾಗಿಲು ಬರೀ ಎಳೆದು ಹೋಗಿದ್ದೆ. ಬರೋ ಹೊತ್ತಿಗೆ ಲಾಕ್ ಆಗಿತ್ತು."

ನಾನು ಹಾಕಿದ್ದು ಚಿಲಕ ಮಾತ್ರ. ಲಾಕು ಯಾರು ಹಾಕಿದರೋ ಗೊತ್ತಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಲ್ಲಾ ಹೇಳಿದೆ. ಕೈ, ಬಳೆ, ಆ ದನಿ. ನಂಬಲ್ಲ ಅಂದುಕೊಂಡಿದ್ದೆ.

"ನನಗೂ ಕೇಳಿಸ್ತು" ಅಂದಳು. "ತೆಗೀಬೇಡಿ ಅಂದಿದ್ದು ನನ್ನದೇ ದನಿ."

ಹೊರಗೆ ರಸ್ತೆ ನೋಡ್ತಾ ಇನ್ನೊಂದು ಮಾತು ಕೇಳಿದಳು. "ಆದ್ರೆ ಹೊರಗಿದ್ದವಳು ಅಳ್ತಿದ್ದಳಲ್ಲ ರೀ. ಒಳಗಿದ್ದವಳು ಅಳ್ತಿರಲಿಲ್ಲ. ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?"

ನಾನು ಗಾಡಿ ಸ್ಟಾರ್ಟ್ ಮಾಡಿದೆ.

ನೆಂಟರು ಕೇಳಿದರೆ ಅವಳು, ಕರಡಿ ಬಂತು, ಮೇಲೆ ಹತ್ತಿಕೊಂಡೆ ಅಂತಷ್ಟೇ ಹೇಳ್ತಾಳೆ. ನನ್ನ ಮಾನ ಉಳಿಸ್ತಾಳೆ. ನಾನು ಕಾಫಿ ಲೋಟ ನೋಡ್ತಾ ಕೂತಿರ್ತೀನಿ.

ಒಳಗಿದ್ದದ್ದು ಏನು ಅಂತ ನನಗೆ ಗೊತ್ತಿಲ್ಲ. ಅದು ನನಗೆ ಏನೂ ಕೆಟ್ಟದ್ದು ಮಾಡಲಿಲ್ಲ. ಬೆಳಗಿನವರೆಗೂ ಕೈ ಹಿಡಿದುಕೊಂಡಿತ್ತು, ಅಷ್ಟೇ. ತ್ರಿಶಲಾಗೆ ಎಲ್ಲಾ ಹೇಳಿದೆ ಅಂದೆನಲ್ಲ... ಒಂದು ಬಿಟ್ಟು. ಹೊರಗೆ ಅವಳ ಅಳು ನಿಂತ ಮೇಲೆ, ಮತ್ತೆ ಆ ಕೈ ಹಿಡಿದುಕೊಂಡಾಗ, ನನಗೆ ಸಮಾಧಾನ ಆಗಿತ್ತು.